ತೆನೆಯ ಸಾಲಿನಲ್ಲಿ

"ಗುರುಗಳೇ, ಹಿತ್ತಿಲ ಕೋಣೆಯನ್ನು ಕೊಬ್ಬರಿ ಇಡಲು ವರ್ಷಕ್ಕೆ ಮೂವತ್ತು ಸಾವಿರ ಬಾಡಿಗೆಗೆ ಮಾತಾಡಿದ್ದೇನೆ. ಈಗ ಎಲ್ಲಿಂದಲೋ ಬಂದವರು ಅದನ್ನೇ ಕೇಳುತ್ತಿದ್ದಾರೆ. ಕೈಯಲ್ಲಿ ಕಾಸಿಲ್ಲ, ಅವರ ಮಾತು ನನಗೆ ತಿಳಿಯುವುದಿಲ್ಲ. ಕ್ರಿಸ್ತನ ಹೆಸರಿನಲ್ಲಿ ಕೊಟ್ಟೆ ಎಂದಿಟ್ಟುಕೊಳ್ಳಿ, ನನಗೆ ಉಳಿಯುವುದೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲ ದಂಡೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಕೋಣೆಗೂ ಹೀಗೆಯೇ ಬಾಡಿಗೆ ನಿಗದಿಯಾಗಿತ್ತು. ತೆನೆ ಹಬ್ಬದ ಹಿಂದಿನ ಸಂಜೆ ದೂರದೇಶದ ಮೂವರು, ಗಂಡ, ಹೆಂಡತಿ, ಅವಳ ಮುದಿ ತಾಯಿ, ಅವನ ಜಗಲಿಗೆ ಬಂದು ಕೈಸನ್ನೆಯಲ್ಲಿ ಜಾಗ ಕೇಳಿದರು.

"ಅನ್ನ ಕೊಡು, ಕೋಣೆ ಬೇಡ" ಎಂದು ವ್ಯಾಪಾರಿ ಹೆಂಡತಿಗೆ ಹೇಳಿದ.

"ಉಂಡು ಮಲಗುವುದೆಲ್ಲಿ? ನಿಮ್ಮ ಮಾತಿನ ಮೇಲೆಯೇ?" ಎಂದಳು ಅವಳು. ಅವನು ಕೋಣೆಯ ಬೀಗ ಎಳೆದು ನೋಡಿ ಒಳಗೆ ಹೋದ; ಮೂವರೂ ಉಂಡು ಜಗಲಿಯಲ್ಲೇ ಮಲಗಿದರು.

ಆ ಊರಿನ ಇಗರ್ಜಿಯಲ್ಲಿ ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ತಲೆಗೊಂದರಂತೆ ಕೊಡುತ್ತಾರೆ. ಒಂದು ಮನೆಯ ಲೆಕ್ಕದಲ್ಲಿ ಯಾರ ಪಾಲಿಗೆ ತೆನೆ ಬಂತೋ ಅವರು ಆ ಮನೆಯವರು. ಅವರನ್ನು ಬಿಟ್ಟು ಹೊಸ ಅಕ್ಕಿಯ ಊಟಕ್ಕೆ ಯಾರೂ ಕೂರುವುದಿಲ್ಲ. ದೂರದಲ್ಲಿದ್ದವರಿಗೆ ಕಾಳು ಅಂಚೆಯಲ್ಲಿ ಹೋಗುತ್ತದೆ.

ಬಲಿಪೂಜೆಯ ನಡುವೆ ವ್ಯಾಪಾರಿ ಬೆಂಚಿನಲ್ಲಿ ತೂಕಡಿಸಿದ. ಹಾಡು ದೂರವಾಯಿತು. ನೋಡಿದರೆ ತಾನು ತೆನೆಯ ಸಾಲಿನಲ್ಲಿದ್ದಾನೆ. ಇಗರ್ಜಿ ಅದೇ, ಜನ ಬೇರೆ. ನೆಲದ ಮೇಲೆ ಕಡಲ ನೀರು ಸದ್ದಿಲ್ಲದೆ ಹರಿಯುತ್ತಿತ್ತು, ಯಾರ ಕಾಲೂ ನೆನೆಯುತ್ತಿರಲಿಲ್ಲ.

"ನೀನು ಯಾರ ಮನೆಯವನು?" ಎಂದು ಹಂಚುವವನು ಕೇಳಿದ.

ತನ್ನ ಬಾಗಿಲು, ಹೆಂಡತಿಯ ಹೆಸರು, ತನ್ನ ಭಾಷೆ, ಎಲ್ಲವೂ ನಾಲಗೆಯ ತನಕ ಬಂದು ಕರಗಿದವು.

"ಯಾರವನೂ ಅಲ್ಲದವನಿಗೆ ಯಾವ ಲೆಕ್ಕದಲ್ಲಿ ಕೊಡಲಿ? ಪಕ್ಕಕ್ಕೆ ನಿಲ್ಲು."

ಅವನು ಸರಿದ. ಅಷ್ಟರಲ್ಲಿ ಜಗಲಿಯ ಮುದುಕಿ ಅವನ ತೋಳು ಹಿಡಿದಳು.

"ಇವನು ನಮ್ಮವನು. ನಾವು ನಾಲ್ವರು" ಎಂದಳು. ಅವಳ ಮಾತು ಈಗ ಅವನಿಗೆ ತಿಳಿಯಿತು.

"ಮನೆ ಎಲ್ಲಿ?"

"ಇನ್ನೂ ಸಿಕ್ಕಿಲ್ಲ. ಜನ ಇದ್ದೇವೆ."

ಹಂಚುವವನು ನಾಲ್ಕು ತೆನೆ ಕೊಟ್ಟ.

ಯಾರೋ ಭುಜ ತಟ್ಟಿದರು. ವ್ಯಾಪಾರಿ ಎಚ್ಚೆತ್ತ. ಪೂಜೆ ಮುಗಿದು ಸಾಲು ನಡೆದಿತ್ತು. ಅವನ ಸರದಿ ಬಂದಾಗ ತೆನೆ ಹಂಚುತ್ತಿದ್ದ ಊರಿನ ಗುರಿಕಾರ ರೂಢಿಯಂತೆ ಅವನ ಮನೆಯ ಐವರಿಗೆ ಐದು ತೆನೆ ತೆಗೆದಿಟ್ಟ.

"ಎಂಟು ಕೊಡಿ" ಎಂದ ವ್ಯಾಪಾರಿ.

"ಬೆಳಗಾಗುವಷ್ಟರಲ್ಲಿ ಐದು ಎಂಟಾಯಿತೇ, ಸಾಹುಕಾರರೇ? ನಿಮ್ಮಲ್ಲಿ ಮನುಷ್ಯರಿಗೂ ಬಡ್ಡಿ ಹುಟ್ಟುತ್ತದೆ ಅನ್ನಿ."

ಸಾಲಿನವರು ನಕ್ಕರು. ವ್ಯಾಪಾರಿ ನಗಲಿಲ್ಲ. ಎಂಟು ತೆನೆ ಹಿಡಿದು ನೇರ ಮನೆಗೆ ನಡೆದ. ಮೂವರೂ ಗಂಟು ಕಟ್ಟಿ ಹೊರಡಲು ನಿಂತಿದ್ದರು. ಅವನು ಕೋಣೆಯ ಬೀಗ ತೆಗೆದು, ಬೀಗದ ಕೈಯನ್ನು ಮುದುಕಿಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

"ಬಾಡಿಗೆ ಹೋಯಿತಲ್ಲ, ಗುರುಗಳೇ. ಕಡೆಗೆ ಅವನಿಗೆ ಗಿಟ್ಟಿದ್ದೇನು?" ಎಂದ ಶಿಷ್ಯ.

"ಬಾಡಿಗೆ ಹೋಯಿತು, ಮೂವರು ಬಂದರು, ನಾಲ್ಕನೆಯವನಾಗಿ ಅವನೂ ಮನೆ ಸೇರಿದ" ಎಂದರು ಗುರುಗಳು.