ಮೂರು ಮಡಿಕೆಯ ಸೈಕಲ್ಲು

"ನಾಳೆ ಸೈಕಲ್ಲಲ್ಲೇ ಬನ್ನಿ, ಮಂಡಿ ನೋಯಿಸ್ಕೊಂಡು ನಡೀಬೇಡಿ. ನೀವು ಬರೋವರೆಗೂ ನಾನು ಎಲ್ಲಿಗೂ ಹೋಗಲ್ಲ."

ನನ್ನ ಹೆಂಡತಿ ಚೆನ್ನಾಜಮ್ಮ ನನಗೆ ಹೇಳಿದ ಕಡೆಯ ಮಾತು ಇದು. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಸಾಯಂಕಾಲ ಐದು ಗಂಟೆಗೆ ಹೇಳಿದಳು. ನಾನು ಆಗಲಿ ಅಂದೆ.

ಈಗ ಪೆದ್ದನ ಕತೆ ಹೇಳುತ್ತೇನೆ. ಒಂದೂರಲ್ಲಿ ಒಬ್ಬ ಪೆದ್ದ ಇದ್ದ. ಊರು ಮೈಸೂರು. ಪೆದ್ದ ನಾನು.

ನಮ್ಮವ್ವನಿಗೆ ನಾನೊಬ್ಬನೇ ಮಗ. ಹಾಲು ಉಕ್ಕಿದರೆ ಕರಿ ಅಂತ ಅವ್ವ ಹೇಳಿ ನೀರಿಗೆ ಹೋಗುವಳು. ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾದ ಮೇಲೆ ಕರೆಯುತ್ತಿದ್ದೆ. ಉಕ್ಕುವುದಕ್ಕೆ ಮುಂಚೆ ಕರಿ ಅಂತ ಅವಳು ಹೇಳಿರಲಿಲ್ಲ. ಮೂರನೇ ಕ್ಲಾಸಲ್ಲಿ ಮೇಷ್ಟ್ರು ಸಿಟ್ಟಾಗಿ, ಹೊರಗೆ ನಿಂತ್ಕೋ, ನಾನು ಕರೆಯೋವರೆಗೂ ಒಳಗೆ ಬರಬೇಡ ಅಂದರು. ಆಮೇಲೆ ಅವರಿಗೆ ಮರೆತುಹೋಯಿತು. ನನ್ನ ಓದು ಅಲ್ಲಿಗೆ ಮುಗಿಯಿತು.

ಮದುವೆಯಾದ ವಾರಕ್ಕೆ ಅವ್ವ ಚೆನ್ನಾಜಿಯನ್ನು ಒಲೆ ಮುಂದೆ ಕೂರಿಸಿಕೊಂಡಳು. "ನೋಡವ್ವ, ಇವನು ಕೆಟ್ಟವನಲ್ಲ. ಹೇಳಿದ್ದನ್ನ ಹೇಳಿದಷ್ಟೇ ಮಾಡ್ತಾನೆ. ನೀನು ನೋಡಿ ಹೇಳು," ಅಂದಳು. ಅವ್ವ ಸತ್ತ ಮೇಲೆ ಚೆನ್ನಾಜಿ ಮೂವತ್ತೊಂದು ವರ್ಷ ನೋಡಿ ನೋಡಿ ಹೇಳಿದಳು. ನಮಗೆ ಮಕ್ಕಳಿಲ್ಲ. ಹೇಳಿಸಿಕೊಳ್ಳುವವನು ನಾನೊಬ್ಬನೇ.

ನನ್ನ ಕೆಲಸ ಪ್ರೆಸ್ಸಿನಲ್ಲಿ. ಅಚ್ಚಾದ ಹಾಳೆ ಮಡಚುವುದು, ಹೊಲಿಯುವುದು, ರಟ್ಟು ಕಟ್ಟುವುದು. ಒಂದು ದಿನ ಓನರ್ರು ಮೇಜಿನ ಮೇಲಿರೋದನ್ನೆಲ್ಲ ಮಡಚಿಬಿಡು ಅಂತ ಹೇಳಿ ಊಟಕ್ಕೆ ಹೋದರು. ಗೋಡೆಗೆ ಹಾಕುವ ಕ್ಯಾಲೆಂಡರು ಇನ್ನೂರು ಇದ್ದವು. ಅಂಚು ಸರಿಮಾಡಿ, ಉಜ್ಜಿ ಉಜ್ಜಿ, ನಾಲ್ಕು ಮಡಿಕೆ ಮಾಡಿಟ್ಟೆ. ಆದರೂ ಓನರ್ರು ನನ್ನ ಬಿಡಿಸಲಿಲ್ಲ. ನನ್ನಷ್ಟು ಸಾಫಾಗಿ ಮಡಚುವವರು ಬೇರೆ ಇರಲಿಲ್ಲ.

ಚೆನ್ನಾಜಿ ಗೋಕುಲಂ ಬಡಾವಣೆಯಲ್ಲಿ ಒಬ್ಬ ಫಾರಿನ್ ಹೆಂಗಸಿನ ಮನೆಗೆಲಸ ಮಾಡುತ್ತಿದ್ದಳು. ಯೋಗ ಕಲಿಯಲು ಬಂದಿದ್ದ ಹೆಂಗಸು. ಊರಿಗೆ ಹೊರಟಾಗ ತನ್ನ ಸೈಕಲ್ಲನ್ನು ಇವಳಿಗೆ ಕೊಟ್ಟಳು. ಅಂಥದ್ದನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಮುದ್ದೆ ತಟ್ಟೆಗಿಂತ ಒಂಚೂರು ದೊಡ್ಡ ಚಕ್ರ. ಮೂರು ಕಡೆ ಮಡಚುತ್ತದೆ. ಮೊದಲು ಸೀಟು ಇಳಿಸಬೇಕು, ಆಮೇಲೆ ಹ್ಯಾಂಡಲ್ ಮಡಚಬೇಕು, ಆಮೇಲೆ ನಡು. ಮಡಚಿದರೆ ಬಸ್ಸಿನ ಸೀಟಿನ ಕೆಳಗೆ ಹೋಗುತ್ತದೆ.

ನನಗೆ ಮಂಡಿ ನೋವು. ಮನೆಯಿಂದ ಬಸ್‌ಸ್ಟಾಪು ದೂರ, ಇಳಿದ ಮೇಲೆ ಪ್ರೆಸ್ಸೂ ದೂರ. ಚೆನ್ನಾಜಿ ಹೇಳಿಕೊಟ್ಟಳು. ಸ್ಟಾಪಿನವರೆಗೂ ತುಳ್ಕೊಂಡು ಹೋಗಿ, ಬಸ್ಸು ಬಂದ ಮೇಲೆ ಮಡಚಿ ಹತ್ತಿಸಿ, ಇಳಿದು ಮತ್ತೆ ಬಿಚ್ಚಿ ತುಳೀರಿ ಅಂದಳು.

ಅವಳು ಹೇಳಿದಳು. ನಾನು ಹಾಗೇ ಮಾಡಿದೆ.

ಬಸ್ಸು ಬಂತು. ಬಂದ ಮೇಲೆ ಮಡಚಲು ಶುರುಮಾಡಿದೆ. ಸೀಟು, ಹ್ಯಾಂಡಲ್, ನಡು. ತಲೆಯೆತ್ತಿದರೆ ಬಸ್ಸಿಲ್ಲ. ಸೈಕಲ್ಲು ಬಿಚ್ಚಿ ನಿಲ್ಲಿಸಿದೆ. ಇನ್ನೊಂದು ಬಸ್ಸು ಬಂತು. ಮಡಚಲು ಶುರುಮಾಡಿದೆ. ಅದೂ ಹೋಯಿತು. ಸ್ಟಾಪಿನಲ್ಲಿ ಹೂ ಕಟ್ಟುತ್ತಾ ಕೂತಿದ್ದವಳು, "ಏನಣ್ಣ, ಅದಕ್ಕೆ ಬಟ್ಟೆ ಉಡಿಸ್ತೀಯೋ ಬಿಚ್ತೀಯೋ?" ಅಂದಳು. ನಾಲ್ಕು ಬಸ್ಸು ಹೋದವು. ಮಧ್ಯಾಹ್ನ ಮನೆಗೆ ಬಂದೆ.

ಚೆನ್ನಾಜಿ ಹಣೆ ಹಿಡಿದುಕೊಂಡಳು. ಮಡಚಿದ ಮೇಲೆ ಮತ್ತೆ ಯಾಕೆ ಬಿಚ್ಚಿದಿರಿ ಅಂದಳು. ಬಸ್ಸು ಬಂದಿರಲಿಲ್ಲವಲ್ಲ ಅಂದೆ. ಬೈದಳು. ಬೈದು, ಮುಂಚೇನೇ ಮಡಚಿ ಇಟ್ಟುಕೊಂಡಿರಬೇಕು ಅಂದಳು.

ಮಾರನೆಯ ದಿನ ಮುಂಚೆಯೇ ಮಡಚಿದೆ, ಮನೆಯಲ್ಲಿ. ಟವೆಲ್ಲು ಸಿಂಬಿ ಸುತ್ತಿ ತಲೆ ಮೇಲೆ ಹೊತ್ತೆ. ಸ್ಟಾಪಿನವರೆಗೂ ಹೊತ್ತೆ. ಇಳಿದು ಪ್ರೆಸ್ಸಿನವರೆಗೂ ಹೊತ್ತೆ. ಸಾಯಂಕಾಲ ಹಾಗೇ ವಾಪಸ್ ಹೊತ್ತುಕೊಂಡು ಬಂದೆ. ಕತ್ತು ತಿರುಗದೆ ಹೋಯಿತು.

ಬಿಸಿನೀರಿನ ಬಟ್ಟೆ ಇಡುತ್ತಾ ಚೆನ್ನಾಜಿ ಬೈದಳು. "ಅದು ನಿಮ್ಮನ್ನ ಹೊರಬೇಕು, ನೀವು ಅದನ್ನಲ್ಲ." ಹತ್ತಿದ ಮೇಲೆ ಇಳಿಯಲೇಬೇಡಿ, ಸೀದಾ ಕೆಲಸಕ್ಕೆ ಹೋಗಿ ಅಂದಳು.

ಅವಳು ಹೇಳಿದಳು. ನಾನು ಹಾಗೇ ಮಾಡಿದೆ.

ಮನೆ ಮುಂದೆ ಹತ್ತಿದೆ. ಬಸ್‌ಸ್ಟಾಪು ಬಂತು, ಇಳಿಯಲಿಲ್ಲ. ಪೊಲೀಸಿನವರು ಕೈ ಅಡ್ಡ ಹಿಡಿದರು, ಇಳಿಯಲಿಲ್ಲ. ಪ್ರೆಸ್ಸಿನ ಬಾಗಿಲು ಬಂತು, ಇಳಿಯಲಿಲ್ಲ. ಒಳಗೆ ನೆಲದ ತುಂಬ ಗೋಂದು ಹಚ್ಚಿದ ರಟ್ಟು ಒಣಗಲು ಹಾಕಿದ್ದರು. ಅದರ ಮೇಲೆ ಹೋಗಿ ನನ್ನ ಮೇಜಿಗೆ ಗುದ್ದಿ ನಿಂತೆ. ಚಕ್ರಕ್ಕೆ ರಟ್ಟು ಅಂಟಿಕೊಂಡಿದ್ದವು. ಓನರ್ರು ಬಗ್ಗಿ ಒಂದು ರಟ್ಟು ಕಿತ್ತು ನೋಡಿದರು. ಆಮೇಲೆ, ನಿನ್ನ ಹೆಂಡತಿ ಪುಣ್ಯಾತ್ಗಿತ್ತಿ ಕಣಯ್ಯ ಅಂದರು.

ಚೆನ್ನಾಜಿ ಅವತ್ತು ನಗುತ್ತಲೇ ಬೈದಳು. ನಕ್ಕು ನಕ್ಕು ಎದೆ ಹಿಡಿದುಕೊಂಡಳು. ನಗುವಿಗೆ ಹಿಡಿದುಕೊಂಡಳು ಅಂತ ನಾನು ತಿಳಿದೆ. ಕಣ್ಣೊರೆಸಿಕೊಂಡು, "ಇನ್ಮೇಲೆ ಏನೇ ಆಗ್ಲಿ, ಯಾರೇನೇ ಅನ್ಲಿ, ಆತುರ ಬೀಳಬೇಡಿ. ನಿಧಾನಕ್ಕೆ ಹೋಗಿ, ನಿಧಾನಕ್ಕೆ ಬನ್ನಿ," ಅಂದಳು.

ಎಂಟು ದಿನ ಎಲ್ಲಾ ಸರಿಹೋಯಿತು. ಸ್ಟಾಪಿನಲ್ಲಿ ಇಳಿದು, ಬಸ್ಸು ಬರುವ ಮುಂಚೆಯೇ ಮಡಚಿಟ್ಟುಕೊಂಡೆ. ನಿಧಾನಕ್ಕೆ ಹೋದೆ, ನಿಧಾನಕ್ಕೆ ಬಂದೆ. ಹೂವಿನವಳು ನಗುವುದನ್ನು ಬಿಟ್ಟಳು. ಇವರು ಈಗ ಕಲಿತರು ಅಂತ ಚೆನ್ನಾಜಿ ಪಕ್ಕದ ಮನೆಯವರಿಗೆ ಹೇಳಿದಳು. ನನ್ನ ಕಿವಿಗೆ ಬಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಗೋಡೆಗೆ ಒರಗಿ ಕೂತಳು. ಮೈಯೆಲ್ಲ ಬೆವರು. ಆಟೋ ಕರ್ಕೊಂಡು ಬನ್ನಿ ಅಂದಳು. ಬೇಗ ಅಂತ ಹೇಳಲಿಲ್ಲ. ಹೇಳಲು ಉಸಿರಿರಲಿಲ್ಲವೋ ಏನೋ.

ಸೈಕಲ್ಲು ಬಿಚ್ಚಿದೆ. ಏನೇ ಆಗ್ಲಿ ಅಂದಿದ್ದಳು. ನಿಧಾನಕ್ಕೆ ಹೋದೆ. ಆಟೋದವನನ್ನು ಹಿಂದೆ ನಿಧಾನಕ್ಕೆ ಬಾ ಅಂತ ಹೇಳಿ, ಮುಂದೆ ನಿಧಾನಕ್ಕೆ ತುಳಿದೆ. ಅವನು ಹಾರನ್ ಹೊಡೆದ. ನಾನು ಆತುರ ಬೀಳಲಿಲ್ಲ.

ಮನೆಗೆ ಬಂದರೆ ಬಾಗಿಲು ತೆರೆದಿತ್ತು. ಪಕ್ಕದ ಮನೆಯವರು ಅವಳನ್ನು ಹಾಲಿನ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದರು. ಹೆಂಚಿನ ಮೇಲೆ ರೊಟ್ಟಿ ಸೀದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ಒಂದರ್ಧ ಗಂಟೆ ಮುಂಚೆ ಬಂದಿದ್ದರೆ ಅಂತ ಶುರುಮಾಡಿ ನಿಲ್ಲಿಸಿದರು. ಅವಳ ಕೈಗೆ ಸೂಜಿ ಹಾಕಿದ್ದರು. ನಾನು ಮಂಚದ ಪಕ್ಕ ನಿಂತೆ. ಬೈಯಲಿ ಅಂತ ನಿಂತೆ. ಹೇಗೆ ಹೋದಿರಿ ಅಂತ ಕೇಳಿದಳು. ನೀನು ಹೇಳಿದ ಹಾಗೆ, ನಿಧಾನಕ್ಕೆ ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬೈಯದೆ ಬಿಟ್ಟದ್ದು ಅದೊಂದೇ ಸಲ. ಸಾಯಂಕಾಲದವರೆಗೂ ಕೂತಿದ್ದೆ. ಹೆಂಗಸರ ವಾರ್ಡು, ಗಂಡಸರು ಹೊರಗೆ ಹೋಗಿ ಅಂತ ನರ್ಸು ಅಂದರು. ಅವಳ ತಂಗಿ ಸಾಕವ್ವ ಉಳಿದಳು. ನಾನು ಏಳುವಾಗ ಚೆನ್ನಾಜಿ ನನ್ನ ಮಂಡಿ ನೋಡಿ ಆ ಮಾತು ಹೇಳಿದಳು. ಸೈಕಲ್ಲಲ್ಲೇ ಬನ್ನಿ. ನೀವು ಬರೋವರೆಗೂ ನಾನು ಎಲ್ಲಿಗೂ ಹೋಗಲ್ಲ.

ಬೆಳಿಗ್ಗೆ ಗಂಜಿ ಕಾಯಿಸುತ್ತಿದ್ದೆ. ಸಾಕವ್ವನ ಫೋನು ಬಂತು.

"ಬಾವ, ಅಕ್ಕ ಹೋಗ್ಬುಟ್ಲು."

"ನಾನಿನ್ನೂ ಬಂದಿಲ್ವಲ್ಲ," ಅಂದೆ.

ಅವಳು ಅತ್ತಳು. ಅತ್ತು, ಆಟೋ ಹಿಡ್ಕೊಂಡು ಬನ್ನಿ ಬಾವ, ನೀವು ಬಂದು ರುಜು ಹಾಕೋವರೆಗೂ ಅಕ್ಕನ್ನ ಇಲ್ಲಿಂದ ಕದಲಿಸೋ ಹಾಗಿಲ್ವಂತೆ ಅಂದಳು.

ಹಾಗಾದರೆ ಅವಳು ಹೇಳಿದ್ದು ನಿಜ. ನಾನು ಬರೋವರೆಗೂ ಎಲ್ಲಿಗೂ ಹೋಗಲ್ಲ. ನಾನು ಬಂದರೆ ಹೋಗುತ್ತಾಳೆ.

ಗಂಜಿಯನ್ನು ಊಟದ ಕ್ಯಾರಿಯರಿಗೆ ಹಾಕಿಕೊಂಡೆ. ಆಟೋ ಹಿಡಿಯಲಿಲ್ಲ. ಸೈಕಲ್ಲಲ್ಲೇ ಬನ್ನಿ ಅಂದಿದ್ದಳು. ಸ್ಟಾಪಿಗೆ ತುಳಿದೆ. ಬಸ್ಸು ಬಂತು. ಬಂದ ಮೇಲೆ ಮಡಚಲು ಶುರುಮಾಡಿದೆ. ಸೀಟು, ಹ್ಯಾಂಡಲ್, ನಡು. ಬಸ್ಸು ಹೋಯಿತು. ಬಿಚ್ಚಿ ನಿಲ್ಲಿಸಿದೆ. ಇನ್ನೊಂದು ಬಂತು. ಅದೂ ಹೋಯಿತು. ಎಲ್ಲಾ ಮರೆತುಹೋಯ್ತಾ ಅಣ್ಣ ಅಂತ ಹೂವಿನವಳು ಕೇಳಿದಳು. ಆಮೇಲೆ ನನ್ನ ಮುಖ ನೋಡಿ ಕಟ್ಟುತ್ತಿದ್ದ ಹೂ ಕೆಳಗಿಟ್ಟಳು.

ಐದನೆಯ ಬಸ್ಸು ಹೋಗಲಿಲ್ಲ. ಹೂವಿನವಳು ಎದ್ದು ಅದರ ಮುಂದೆ ನಿಂತಿದ್ದಳು. ಕಂಡಕ್ಟರು ಇಳಿದು ಬಂದು, ನಿಧಾನಕ್ಕೆ ಮಡಚಿ ಯಜಮಾನ್ರೇ, ನಾವು ಕಾಯ್ತೀವಿ ಅಂದ. ಸೀಟು ಇಳಿಸಿದೆ. ಹ್ಯಾಂಡಲ್ ಮಡಚಿದೆ. ನಡು ಮಡಚಿದೆ. ಎತ್ತಿಕೊಡಿ ಅಂತ ಅವನು ಕೈ ಚಾಚಿದ.

ನಾನು ಕೂತುಕೊಂಡು ನಡು ಬಿಚ್ಚಿದೆ. ಹ್ಯಾಂಡಲ್ ಬಿಚ್ಚಿದೆ. ಸೀಟು ಮೇಲೆತ್ತಿದೆ.