ಮಾಳನ ಮೂರು ಚೂರಿ

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನ ತಾತನೂ ಹುಟ್ಟಿರದ ಕಾಲದಲ್ಲಿ, ಒಂದು ಗುಡ್ಡದ ಮೇಲೆ ಕುರಿ ಕಾಯೋ ಮೂವರು ಗೆಳೆಯರಿದ್ದರಂತೆ. ಕರಡ, ಜುಂಜ, ಮಾಳ ಅಂತ. ಕಾಲಾಡಿಸಬೇಡ, ಕೇಳು. ಮಡಚೋ ಚೂರಿ ಅಂದ್ರೆ ಮೂವರಿಗೂ ಪ್ರಾಣವಂತೆ. ಯಾವ ಸಂತೆಗೆ ಹೋದರೂ ಕುಲುಮೆ ಮುಂದೆ ನಿಂತುಬಿಡೋರು. ಮಾಳನ ಸೊಂಟದಲ್ಲಂತೂ ಮೂರು ಚೂರಿ, ಒಂದಕ್ಕೆ ಮರದ ಹಿಡಿ, ಒಂದಕ್ಕೆ ಹಿತ್ತಾಳೆದು, ಇನ್ನೊಂದಕ್ಕೆ ಜಿಂಕೆ ಕೊಂಬಿಂದು. ಮಧ್ಯಾಹ್ನ ಕಂಬಳಿ ಹಾಸಿ ಕೂತರೆ ಅವನ ಚೂರೀಲಿ ಇವನು ಈರುಳ್ಳಿ ಹೆಚ್ಚೋದು, ಇವನ ಚೂರೀಲಿ ಅವನು ಸೌತೆಕಾಯಿ ಕೊಯ್ಯೋದು, ನಿಂದು ಮೊಂಡು ನಂದು ಚೂಪು ಅಂತ ರೇಗಿಸಿಕೊಳ್ಳೋದು.

ಆದರೆ ಒಂದು ಕಟ್ಟಳೆ ಇತ್ತಂತೆ. ಚೂರಿನ ಕೈಯಿಂದ ಕೈಗೆ ಕೊಡಬಾರದು, ಕೆಳಗಿಡಬೇಕು, ಇನ್ನೊಬ್ಬ ಎತ್ಕೋಬೇಕು. ಕೈಗೆ ಕೊಟ್ಟರೆ ಸ್ನೇಹ ಕಡಿದುಹೋಗುತ್ತೆ ಅಂತ ಹಿರೀಕರು ಹೇಳಿದ್ರಂತೆ. ಮಾಳನಿಗೆ ಅಪ್ಪ ಅಮ್ಮ ಇಲ್ಲ, ಹೆಂಡ್ತಿ ಮಕ್ಕಳಿಲ್ಲ, ಇವರಿಬ್ಬರೇ ಎಲ್ಲ. ಹಾಗಾಗಿ ಅವನಿಗೇ ಆ ಭಯ ಜಾಸ್ತಿ.

ಆಮೇಲೆ ಒಂದಿನ ಮೇಲೆಲ್ಲೋ ಮಳೆ ಸುರಿದು ಹಳ್ಳ ಉಕ್ಕಿ ಬಂತಂತೆ. ಕುರಿಮರಿ ಕೊಚ್ಚಿಕೊಂಡು ಹೋಗೋದು ನೋಡಿ ಕರಡ ಹಗ್ಗದ ಒಂದು ತುದಿ ದಡದ ಮರಕ್ಕೆ ಕಟ್ಟಿ, ಇನ್ನೊಂದು ಸೊಂಟಕ್ಕೆ ಬಿಗಿದು ಇಳಿದನಂತೆ. ಮರಿ ಸಿಗಲಿಲ್ಲ. ಹಗ್ಗ ನೀರೊಳಗಿನ ಬೇರಿಗೆ ಸುತ್ತಿಕೊಂಡು ಅವನನ್ನೇ ಒಳಕ್ಕೆಳೀತಂತೆ. ಅವನ ಚೂರಿ ನೀರುಪಾಲಾಯ್ತು. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು. ಮಾಳ, ಚೂರಿ ಕೊಡೋ, ಅಂತ ದಡಕ್ಕೆ ಕೈ ಚಾಚಿದನಂತೆ.

ಮಾಳ ಮರದ ಹಿಡಿ ಚೂರಿನ ಅವನ ಪಕ್ಕದ ಬಂಡೆ ಮೇಲೆ ಇಟ್ಟ, ನೀರು ಎಳಕೊಂಡು ಹೋಯ್ತು. ಆಮೇಲೆ ಹಿತ್ತಾಳೇದನ್ನ ಬಂಡೆ ಸಂದಿಗೆ ಸಿಕ್ಕಿಸಿದ, ಕರಡನ ಬೆರಳು ತಾಗಿ ಅದೂ ಜಾರಿತು. ಆಮೇಲೆ ಕೊಂಬಿನ ಚೂರಿ ಬಿಚ್ಚಿ ಹಿಡಿದ. ಕೊಟ್ಟರೆ ಸ್ನೇಹ ಹೋಗುತ್ತೆ, ಕೊಡದಿದ್ದರೆ ಗೆಳೆಯನೇ ಹೋಗ್ತಾನೆ. ಅಷ್ಟು ಗೊತ್ತಿದ್ದೂ ಆ ಪಾಪಿ ಕೈ ಮುಂದಕ್ಕೆ ಹೋಗಲಿಲ್ಲವಂತೆ. ಕರಡ ಅವನ ಮುಖನೇ ನೋಡ್ತಾ ಮುಳುಗಿದನಂತೆ.

ಅಷ್ಟರಲ್ಲಿ ಕುರಿ ಕಡೆ ಹೋಗಿದ್ದ ಜುಂಜ ಓಡಿಬಂದು, ಮಾಳನ ಕೈಯಿಂದ ಚೂರಿ ಕಿತ್ತು, ನೀರಿಗೆ ಬಗ್ಗಿ ಕರಡನ ಅಂಗೈಗೇ ಇಟ್ಟನಂತೆ. ಕರಡ ಹಗ್ಗ ಕೊಯ್ದ, ಜುಂಜ ಮಾಳ ಇಬ್ಬರೂ ಸೇರಿ ಅವನನ್ನ ದಡಕ್ಕೆ ಎಳೆದುಹಾಕಿದರು. ಜೀವ ಉಳೀತು, ಎಡಗಾಲು ಮಾತ್ರ ಬಂಡೆಗೆ ಸಿಕ್ಕಿ ನುಜ್ಜಾಗಿತ್ತು.

ಮಾಳ ನಾಚಿಕೆಯಿಂದ ಗುಡ್ಡದಾಚೆ ಹಾಳು ಗುಡಿಸಲು ಸೇರಿದನಂತೆ. ಜುಂಜ ಬಂದು ಕರೆದ, ಹೊರಗೆ ಬರಲಿಲ್ಲ. ಇನ್ನೊಮ್ಮೆ ಮುದ್ದೆ ತಂದ, ಮುಟ್ಟಲಿಲ್ಲ. ಮೂರನೇ ಸಲ ಕೋಲೂರಿಕೊಂಡು ಕರಡನೇ ಬಂದನಂತೆ.

ಮಾಳ ಗೋಡೆ ಕಡೆ ತಿರುಗಿ, ನನ್ನ ಚೂರಿನ ಕೈಗೆ ಕೊಟ್ಟಾಯ್ತಲ್ಲ, ಸ್ನೇಹ ಕಡೀತು, ಹೋಗು ಅಂದ.

ಕರಡ ಹೇಳಿದನಂತೆ, ಕಡಿದಿದ್ರೆ ಈ ಕಾಲಲ್ಲಿ ಗುಡ್ಡ ಹತ್ತಿ ಬರ್ತಿದ್ನೇನೋ? ಸಿಟ್ಟಿದೆ ಕಣೋ, ಇನ್ನೂ ಇದೆ. ನೀನು ಸುಮ್ನೆ ನಿಂತಿದ್ದು ಕನಸಲ್ಲಿ ಬರುತ್ತೆ. ಆದ್ರೆ ನಂಗೆ ಓಡೋಕಾಗಲ್ಲ, ಜುಂಜ ಒಬ್ನೇ ಎಷ್ಟು ಕುರಿ ತಿರುಗಿಸ್ತಾನೆ? ಏಳು.

ಮಾಳ ಗಳಗಳ ಅತ್ತುಬಿಟ್ಟನಂತೆ. ಕರಡ ಅವನ ಹೆಗಲ ಮೇಲೆ ಭಾರ ಹಾಕಿದ, ಇಬ್ಬರೂ ನಿಧಾನಕ್ಕೆ ಗುಡ್ಡ ಇಳಿದರು. ಆಮೇಲೆ ಕುರಿ ಹೆಚ್ಚಿ ದೊಡ್ಡ ಮಂದೆಯಾಯ್ತು, ಮೂವರೂ ಮುದುಕರಾದರು. ಸಾಯೋವರೆಗೂ ಕರಡನ ಎಡಗಡೆ ಮಾಳನೇ ನಡೆದನಂತೆ. ಕತೆ ಮುಗೀತು, ಈ ಕಡೆ ಮಗ್ಗುಲಾಗು, ಮಲಗು ನನ್ ಕಂದ.