ಚರ್ಮ ಕೊಟ್ಟ ಉತ್ತರ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೇ ಗೊತ್ತಿರಲಿಲ್ಲ. ಆಗ ಮುರಿದದ್ದೆಲ್ಲ ಮತ್ತೆ ಬೆಳೆಯುತ್ತಿತ್ತು ಪುಟ್ಟಿ. ಹಲ್ಲಿಗೆ ಬಾಲ, ಏಡಿಗೆ ಕಾಲು, ಮನುಷ್ಯರಿಗೆ ಬೆರಳು.

ಹೇಗೆ ಅಂತೀಯಾ? ನಮ್ಮ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ. ಗೋಡೆಗೆ ಗೋಡೆ ಅಂಟಿದ ಮನೆಗಳಂತೆ ಅವುಗಳ ವಾಸ. "ಪಕ್ಕದಲ್ಲಿ ಯಾರಿದ್ದೀರಿ?" ಎಂದು ಕೂಗುತ್ತಲೇ ಇರುತ್ತವೆ. "ನಾನಿದ್ದೇನೆ" ಎಂದು ಉತ್ತರ ಬಂದರೆ ಸುಮ್ಮನಾಗುತ್ತವೆ. ಬರದಿದ್ದರೆ, ಅಯ್ಯೋ, ಜಾಗ ಖಾಲಿಯಿದೆ ಎಂದು ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಉತ್ತರ ಬರುವವರೆಗೂ ಬೆಳೆಯುತ್ತವೆ.

ಆ ಕಾಲದಲ್ಲಿ ಕೆಂಚವ್ವ ಎಂಬ ತಾಯಿ ಇದ್ದಳು. ಮಗಳ ಹೆಸರು ಚಿಗರಿ. ದಿನಾ ಊಟವಾದ ಮೇಲೆ ಕೆಂಚವ್ವ ಮಗಳ ಬೆರಳುಗಳನ್ನು ಒಂದೊಂದಾಗಿ ಮಡಿಸುವಳು. ಕಿರುಬೆರಳು ಮಡಿಸಿದ ಕೂಡಲೇ ಕಂಕುಳಿಗೆ ಕಚಗುಳಿ! ಆ ಕಳ್ಳಿ ಚಿಗರಿ, ಉಂಗುರ ಬೆರಳಿಗೇ ನಗಲು ಶುರುಮಾಡುತ್ತಿದ್ದಳು.

ಒಂದು ದಿನ ಕೆಂಚವ್ವ ಒಲೆಗೆ ಕಲ್ಲು ಹೂಡುತ್ತಿದ್ದಾಗ ಕಲ್ಲು ಕೈಜಾರಿತು. ಕೆಳಗೆ ಹರಿಯುತ್ತಿದ್ದ ಒಂದು ಹಲ್ಲಿಯ ಬಾಲವೂ ಹೋಯಿತು, ಪಕ್ಕದಲ್ಲೇ ಆಡುತ್ತಿದ್ದ ಚಿಗರಿಯ ಕಿರುಬೆರಳೂ ಹೋಯಿತು.

ಹಲ್ಲಿ ಹೇಳಿತು, "ಹೆದರಬೇಡ ಅಕ್ಕ. ಗಾಯ ತೆರೆದೇ ಇರ್ಲಿ. ಉರೀತದೆ, ತಾಳ್ಕೊಬೇಕು." ಅದು ಗೋಡೆಯ ಬಿರುಕಿನೊಳಗೆ ಹೋಗಿ ತಾಳಿಕೊಂಡು ಕೂತಿತು.

ಆದರೆ ಕೂಸಿಗೆ ತಾಳುವುದು ಏನು ಗೊತ್ತು? ಜ್ವರ ಬಂತು. ನೊಣ ಮುತ್ತಿದವು. ಚಿಗರಿ ನೀರನ್ನೂ ಮುಟ್ಟದೆ ಅತ್ತಳು.

ಕೆಂಚವ್ವ ಚರ್ಮಕ್ಕೆ ಕೈಮುಗಿದಳು. "ತಾಯಿ, ಬೇಗ ಬಂದು ಮುಚ್ಚು."

"ಬಂದೇನು," ಎಂದಿತು ಚರ್ಮ. "ಆದ್ರೆ ಪಕ್ಕದಲ್ಲಿ ಯಾರು ಅಂತ ಒಳಗಿನವು ಕೇಳಿದ್ರೆ, ನಾನಿದ್ದೀನಿ ಅಂತ ನಾನೇ ಹೇಳ್ಬೇಕಾಗ್ತದೆ. ಆಮೇಲೆ ಬೆರಳು ಬರಲ್ಲ. ಒಂದ್ಸಲ ಕಲಿತದ್ದು ನನಗೆ ಮರೆಯಕ್ಕೂ ಆಗಲ್ಲ. ನಿನ್ನ ಮಕ್ಕಳ ಮಕ್ಕಳಿಗೂ ಹಿಂಗೇ ಮಾಡ್ತೀನಿ."

"ಬೆರಳು ಹೋದ್ರೆ ಹೋಗ್ಲಿ ತಾಯಿ, ಕೂಸು ಉಳೀಲಿ."

ಅವಳನ್ನು ಬೈಯಬೇಡ ಪುಟ್ಟಿ. ಹೆತ್ತ ಕರುಳು, ಆ ಅಳು ಕೇಳಿಕೊಂಡು ಸುಮ್ಮನೆ ಕೂರುತ್ತದೆಯೇ? ನಾನಾದರೂ ಅದನ್ನೇ ಕೇಳುತ್ತಿದ್ದೆ.

ಚರ್ಮ ಓಡಿಬಂದು ಮುಚ್ಚಿತು. ಒಳಗಿನ ಕಣಗಳು ಕೇಳಿದವು, "ಪಕ್ಕದಲ್ಲಿ ಯಾರಿದ್ದೀರಿ?" ಚರ್ಮ "ನಾನಿದ್ದೇನೆ" ಎಂದಿತು. ಪಾಪ, ಅವು ನಂಬಿದವು. ಜ್ವರ ಇಳಿಯಿತು, ಚಿಗರಿ ಮಲಗಿದಳು.

ಕೆಲವು ವಾರಗಳಾದ ಮೇಲೆ ಹಲ್ಲಿ ಹೊಸ ಬಾಲ ಅಲ್ಲಾಡಿಸುತ್ತಾ ಹೊರಬಂತು. ಚಿಗರಿ ಕೈ ಚಾಚಿದಳು. "ಅವ್ವ, ನಂದ್ಯಾವಾಗ ಬರ್ತದೆ?"

ಕೆಂಚವ್ವ ಆ ಕೈ ಹಿಡಿದು ಬೆರಳು ಮಡಿಸತೊಡಗಿದಳು. ಉಂಗುರ ಬೆರಳಿಗೇ ಚಿಗರಿ ನಕ್ಕಳು. ಮುಂದೆ ಮಡಿಸಲು ಏನೂ ಇರಲಿಲ್ಲ. ಕೆಂಚವ್ವ ಆ ನುಣುಪು ಕಲೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಅತ್ತುಬಿಟ್ಟಳು. "ಅಳಬೇಡವ್ವ," ಎಂದಳು ಮಗಳು, "ಅಲ್ಲಿ ಏನೋ ತುರಿಸ್ತದೆ."

ಅದಕ್ಕೇ ಇವತ್ತಿಗೂ ಗೋಡೆಯ ಮೇಲಿನ ಹಲ್ಲಿಗೆ ಬಾಲ ಮರಳಿ ಬರುತ್ತದೆ, ನಮಗೆ ಬರೀ ಕಲೆ ಉಳಿಯುತ್ತದೆ. ನಿನ್ನ ಮೊಣಕಾಲಿನ ಕಲೆ ತುರಿಸಿದಾಗ ಕೆರೆಯಬೇಡ ಪುಟ್ಟಿ, ಮೆಲ್ಲಗೆ ಸವರು, ಪಕ್ಕದಲ್ಲಿ ಯಾರಿದ್ದೀರಿ ಎಂದು ಒಳಗಿನ ಕಣಗಳು ಇನ್ನೂ ಕೇಳುತ್ತಿವೆ.